ಒಳಲೆಯ ಮೇಲಿನ ಹೆಸರು

ಅರಕೆರೆ
ಭಾನುವಾರ, 9 ನವೆಂಬರ್ 2025

ಪ್ರೀತಿಯ ಅವ್ವನಿಗೆ ನಿನ್ನ ಮಗ ಶಿವಶಂಕರನ ನಮಸ್ಕಾರ.

ಮಂಡಿ ನೋವು ಹೇಗಿದೆ? ನಾಗಮಂಗಲದ ನೀರು ಒಗ್ಗಿತೋ, ಇಲ್ಲ ಇನ್ನೂ ನಮ್ಮ ನಾಲೆ ನೀರಿನ ರುಚಿ ಹೇಳಿ ಬೀಗಿತ್ತಿಯ ತಲೆ ತಿನ್ನುತ್ತಿದ್ದೀಯೋ? ತಂಗಿ ರಂಜಿತ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದಾಳೆಯೇ? ಕೂಸಿನ ಮೂಗು ನನ್ನ ಹಾಗಿದೆ ಅಂತ ನೀನು, ಇಲ್ಲ ಅಂತ ಅವಳು ಜಗಳ ಆಡುವುದು ಬೇಡ. ಶುಕ್ರವಾರ ತೊಟ್ಟಿಲಿಗೆ ಹಾಕುವ ದಿನ ನಾನೇ ಬಂದು ಮೂಗಿಗೆ ಮೂಗು ಹಿಡಿದು ತೋರಿಸುತ್ತೇನೆ.

ದಿನಾ ಫೋನು ಮಾಡುವ ಮಗ ಕಾಗದ ಯಾಕೆ ಬರೆದ ಅಂತ ಗಾಬರಿ ಬೀಳಬೇಡ. ಎಲ್ಲರೂ ಚೆನ್ನಾಗಿದ್ದೇವೆ, ಹಸುವೂ ಸೇರಿದಂತೆ. ಆದರೆ ಅಲ್ಲಿರುವ ಒಂದು ಫೋನು ರಂಜಿತಳ ದಿಂಬಿನ ಪಕ್ಕದಲ್ಲೇ ಬಿದ್ದಿರುತ್ತದೆ. ನೀನು ಮಾತಾಡಿದರೆ ಸ್ಪೀಕರ್ ಹಾಕಿಕೊಂಡು ಬೀದಿಗೆಲ್ಲ ಹಂಚುತ್ತೀಯ. ಇದು ಹಸಿ ಬಾಣಂತಿಯ ಕಿವಿಗೆ ಬೀಳಬಾರದ ಸುದ್ದಿ. ನಾಗಮಂಗಲದ ಬಸ್ಸಿನ ಡ್ರೈವರ್ ಕೈಗೆ ಈ ಕಾಗದ ಕೊಡುತ್ತೇನೆ. ನೀನು ಹಿತ್ತಲಿಗೆ ಹೋಗಿ, ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದು. ಅವಸರವೇನೂ ಇಲ್ಲ.

ಅವ್ವ, ನಮ್ಮ ಮನೆಗೆ ಕಳ್ಳ ಬಂದಿದ್ದ.

ನೀನು ಅತ್ತ ಹೋದ ಮೇಲೆ, ನಿನ್ನ ಸೊಸೆ ಅರ್ಪಿತಳ ಅಕ್ಕನ ಮಗಳ ಮದುವೆಗೆ ಅಂತ ನಾವೆಲ್ಲ ಶ್ರೀರಂಗಪಟ್ಟಣದ ಛತ್ರಕ್ಕೆ ಹೋಗಿದ್ದೆವಲ್ಲ, ಅವತ್ತು. ನಾವು ಅಲ್ಲಿ ಊಟದ ಸಾಲಿನಲ್ಲಿ ಕೂತು ಹೋಳಿಗೆಗೆ ತುಪ್ಪ ಕೇಳುತ್ತಿದ್ದಾಗ ಇಲ್ಲಿ ಅವನು ಹಿಂಬಾಗಿಲ ಚಿಲಕ ಮೀಟಿದ್ದಾನೆ. ಕೀಲಿಕೈ ಎಲ್ಲಿತ್ತು ಅಂತ ನೀನು ಕೇಳುತ್ತೀಯ. ನೀನು ಇಡುವ ಜಾಗದಲ್ಲೇ ಇತ್ತು, ತುಳಸಿ ಕಟ್ಟೆಯ ಸಡಿಲ ಇಟ್ಟಿಗೆ ಕೆಳಗೆ. ಪೊಲೀಸಿನವರು ಆ ಜಾಗ ಯಾರ್ಯಾರಿಗೆ ಗೊತ್ತು ಅಂತ ಕೇಳಿದರು. ಊರಿಗೆಲ್ಲ ಗೊತ್ತು ಸಾರ್ ಅಂದೆ. ಹಾಗಾದರೆ ಕಳ್ಳ ಪರ ಊರಿನವನು, ನಿಮ್ಮೂರಿನವನಾಗಿದ್ದರೆ ಬಾಗಿಲು ಕೆಡಿಸುತ್ತಿರಲಿಲ್ಲ ಅಂತ ಅವರು ಬರೆದುಕೊಂಡರು. ಕೊನೆಗೆ ಅದೇ ನಿಜವಾಯಿತು.

ಒಡವೆ ಹೋಗಲಿಲ್ಲ. ನಿನ್ನದು ನಿನ್ನ ಕಿವಿಯಲ್ಲಿತ್ತು, ಅರ್ಪಿತಳದ್ದು ಮದುವೆಯಲ್ಲಿ ಮೆರೆಯುತ್ತಿತ್ತು. ಹೋದದ್ದು ಪಾತ್ರೆ. ಅಟ್ಟದ ಮೇಲಿನ ಗೋಣಿಚೀಲದ ತಪ್ಪಲೆ, ಚೊಂಬು, ಕೊಳಗ. ಹಿತ್ತಲ ಒಲೆಯ ಮೇಲಿದ್ದ ತಾಮ್ರದ ಹಂಡೆ. ಅಪ್ಪ ಉಣ್ಣುತ್ತಿದ್ದ ಹಿತ್ತಾಳೆ ಗಂಗಾಳ. ಆಮೇಲೆ ಟ್ರಂಕಿನಲ್ಲಿ ನಿನ್ನ ಧಾರೆ ಸೀರೆಯೊಳಗೆ ಸುತ್ತಿಟ್ಟಿದ್ದ ಬೆಳ್ಳಿ ಒಳಲೆ, ನನಗೂ ರಂಜಿತಳಿಗೂ ನೀನು ಹಾಲು ಹುಯ್ದದ್ದು. ಸೀರೆಯನ್ನು ಮಡಿಕೆ ಕೆಡದ ಹಾಗೆ ವಾಪಸ್ಸು ಇಟ್ಟು ಹೋಗಿದ್ದಾನೆ. ಶಿಸ್ತಿನ ಮನುಷ್ಯ.

ಒಳಲೆ ತೊಳೆದಿಟ್ಟೆಯೇನ್ಲಾ, ತೊಟ್ಟಿಲ ದಿನ ಕೂಸಿಗೆ ಅದರಲ್ಲೇ ಮೊದಲ ಗುಟುಕು ಆಗಬೇಕು ಅಂತ ನೀನು ಫೋನಿನಲ್ಲಿ ಕೇಳಿದಾಗೆಲ್ಲ, ಆಯ್ತು ಕಣವ್ವ, ಹುಣಸೆಹಣ್ಣು ಹಾಕಿ ಉಜ್ಜಿದೆ ಅಂತ ನಾನು ಅಂದದ್ದು ಇಲ್ಲದ ಒಳಲೆಯನ್ನು. ಬೆಳ್ಳಿಗೆ ಯಾರಾದರೂ ಹುಣಸೆಹಣ್ಣು ಹಾಕುತ್ತಾರೆಯೇ ಅಂತ ನೀನು ಬೈದೆ. ಸುಳ್ಳಿಗೂ ಮನೆಗೆಲಸ ಗೊತ್ತಿರಬೇಕು ನೋಡು.

ಆ ದಿನಗಳಲ್ಲಿ ನನಗೆ ಮನೆಯೇ ಕನಸಿನಲ್ಲಿ ಕಂಡ ಮನೆಯಂತಿತ್ತು. ಎಲ್ಲ ಇದ್ದಲ್ಲೇ ಇದೆ, ಆದರೆ ಸದ್ದು ಬೇರೆ. ಅಟ್ಟದಲ್ಲಿ ಬೆಕ್ಕು ನಡೆದರೆ ಚೊಂಬು ಉರುಳುವ ಸದ್ದಿಗೆ ಕಿವಿ ಕಾಯುತ್ತಿತ್ತು, ಅದು ಬರುತ್ತಿರಲಿಲ್ಲ. ಹಂಡೆ ಕೂತಿದ್ದ ಒಲೆ ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿತ್ತು. ಬೆಳಿಗ್ಗೆ ಡೇರಿಯಲ್ಲಿ ಹಾಲು ಅಳೆದು, ವ್ಯಾನು ಕಳಿಸಿ, ಕುರ್ಚಿಗೆ ಒರಗಿದರೆ ಸಾಕು, ಮಧ್ಯಾಹ್ನದ ಜೊಂಪಿನಲ್ಲಿ ನಾಲೆ ಕಾಣುತ್ತಿತ್ತು. ನಾಲೆಯ ಮೇಲೆ ನಮ್ಮ ಪಾತ್ರೆಗಳೆಲ್ಲ ಸಾಲಾಗಿ ತೇಲಿ ಹೋಗುತ್ತಿದ್ದವು. ಮುಂದೆ ಹಂಡೆ, ತಾಯಿ ಎಮ್ಮೆಯ ಹಾಗೆ. ಹಿಂದೆ ತಪ್ಪಲೆ, ಅದರ ಹಿಂದೆ ಚೊಂಬುಗಳು. ದಡದಲ್ಲಿ ಭತ್ತದ ತೆನೆ ಬಾಗಿ ನೋಡುತ್ತಿದ್ದವು. ಒಂದೊಂದು ಪಾತ್ರೆಯೂ ಸ್ಕೂಲಿನಲ್ಲಿ ಹಾಜರಿ ಹೇಳುವ ಹಾಗೆ ತನ್ನ ಮೈಮೇಲಿನ ಹೆಸರು ಕೂಗಿಕೊಂಡು ಹೋಗುತ್ತಿತ್ತು. ಕಟ್ಟಕಡೆಗೆ ಒಳಲೆ, ಎಲೆಯಷ್ಟೇ ಹಗುರ. ನೀನು ಯಾರದಮ್ಮಾ ಅಂತ ಕೇಳಿದರೆ ಮೂತಿ ತಿರುಗಿಸಿಕೊಂಡು ಸೇತುವೆ ಕೆಳಗೆ ಹೋಗಿಬಿಡುತ್ತಿತ್ತು. ಎಚ್ಚರವಾದಾಗ ಡೇರಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ:

ಬೀಗ ಹೋಯಿತು, ಬಾಗಿಲುಳಿಯಿತು,
ಭೋಗ ಹೋಯಿತು, ಬೂದಿಯುಳಿಯಿತು.

ಹಾಲು ಹಾಕಲು ಬಂದವರು ಓದಿ, ಪಶು ಆಹಾರದ ಜಾಹೀರಾತೇ ಅಂತ ಕೇಳಿದರು. ಪ್ರಾಸ ಕಟ್ಟೋನಿಗೆ ಹಸ ಕಟ್ಟಕ್ಕೆ ಬರಕಿಲ್ಲ ಅಂತ ನೀನು ಅನ್ನುವುದು ನೆನಪಾಯಿತು.

ಅಂತೂ ಕಳ್ಳ ಪಾಂಡವಪುರದ ಕಡೆ ಗುಜರಿ ಅಂಗಡಿಯೊಂದಕ್ಕೆ ಹಂಡೆ ಹೊತ್ತುಕೊಂಡು ಹೋದಾಗ ಸಿಕ್ಕಿಬಿದ್ದ. ಠಾಣೆಯಿಂದ ಕರೆ ಬಂತು. ಹೋಗಿ ನೋಡಿದರೆ ಅಂಗಳದಲ್ಲಿ ಟಾರ್ಪಾಲು ಹಾಸಿ, ಎಷ್ಟೋ ಮನೆಗಳ ಪಾತ್ರೆಯನ್ನು ಬೀಗರ ಊಟಕ್ಕೆ ಜೋಡಿಸಿದ ಹಾಗೆ ಜೋಡಿಸಿದ್ದಾರೆ. ಬಿಸಿಲಿಗೆ ಎಲ್ಲ ಹೊಳೆಯುತ್ತಿವೆ. ಮಹದೇವಸ್ವಾಮಿ ಅಂತ ಒಬ್ಬರು ಹೆಡ್ ಕಾನ್‌ಸ್ಟೇಬಲ್, ಮೀಸೆಯೊಳಗೇ ನಗುವವರು, ನಿಮ್ಮೆಸ್ರು ಯಾವುದ್ರ ಮ್ಯಾಲದೆ ತೋರ್ಸಿ ಅಂದರು.

ಆಗ ಗೊತ್ತಾಯಿತವ್ವ. ಯಾವುದರ ಮೇಲೂ ನಮ್ಮ ಹೆಸರಿಲ್ಲ. ನಾವು ಕೊಡುವ ಪಾತ್ರೆಗೆ ನಮ್ಮ ಹೆಸರು ಕೊರೆಸುತ್ತೇವೆ, ಬಂದ ಪಾತ್ರೆಯ ಮೇಲೆ ಕೊಟ್ಟವರ ಹೆಸರಿರುತ್ತದೆ. ಹಂಡೆಯ ಮೇಲೆ ಬೆಟ್ಟಮ್ಮತ್ತೆಯ ಹೆಸರು. ತಪ್ಪಲೆಯ ಮೇಲೆ ಇನ್ಯಾರದೋ. ಒಳಲೆಯ ತಳದಲ್ಲಿ ‘ಚಿಕ್ಕಸ್ವಾಮಿ’ ಅಂತ ಅಷ್ಟೇ. ನಮ್ಮ ಹೆಸರಿರೋವೆಲ್ಲ ಬೇರೆಯವರ ಮನೇಲವೆ ಸಾರ್ ಅಂದೆ. ಅಂಗಾದ್ರೆ ಅವರ ಮನೆಗೆ ಕಳ್ಳ ಬಿದ್ದಾಗ ನಿಮ್ಮನ್ನ ಕರಿತೀವಿ ಬುಡಿ ಅಂದರು ಮಹದೇವಸ್ವಾಮಿ. ಪಕ್ಕದಲ್ಲಿ ನಿಂತಿದ್ದವರೊಬ್ಬರು ಒಳಲೆ ನೋಡಿ, ನಮ್ಮದೂ ಇಂಥದ್ದೇ, ನಮ್ಮ ಮಾವನ ಹೆಸ್ರೂ ಚಿಕ್ಕಸ್ವಾಮೀನೇ ಅಂದರು. ನಮ್ಮ ಸೀಮೆಯಲ್ಲಿ ಚಿಕ್ಕಸ್ವಾಮಿ ಅಂತ ಕೂಗಿದರೆ ಬಸ್ಸಿನಲ್ಲಿ ಅರ್ಧ ಜನ ತಿರುಗುತ್ತಾರೆ, ಅವರದೇನು ತಪ್ಪು. ಕೊಟ್ಟೋರ್ನೇ ಕರ್ಕಂಬನ್ನಿ, ಕೊಟ್ಟೋರು ಗುರ್ತು ಹೇಳ್ಲಿ, ಆಮೇಲೆ ಕೋರ್ಟಿಗೆ ಬರೀತೀವಿ ಅಂದರು ಮಹದೇವಸ್ವಾಮಿ.

ಬೆಟ್ಟಮ್ಮತ್ತೆ ಪಾಂಡವಪುರದಲ್ಲೇ ಇರುವುದರಿಂದ ಅದೇ ದಿನ ಕರೆತಂದೆ. ಆಟೋ ಇಳಿಯುವ ಮುಂಚೆಯೇ, ನನ್ ಅಂಡೆ ಕಣಪ್ಪ ಅದು, ನನ್ ತಮ್ಮನ ಮದ್ವೆಗೆ ಕೊಟ್ಟಿದ್ದು, ಯಾವನ್ಲಾ ಅವ್ನು ಕದ್ದೋನು, ಕರೀ ಇತ್ಲಾಗೆ ಅಂತ ಶುರು ಮಾಡಿತು. ಲಾಕಪ್ಪಿನೊಳಗೆ ಕಳ್ಳ ಮೂಲೆಗೆ ಸರಿದು ಕೂತ. ಇನ್ನು ಗುರುತು ಬೇಡ ಅಂದುಬಿಟ್ಟರು ಮಹದೇವಸ್ವಾಮಿ. ಹೋಗುವಾಗ ಅತ್ತೆ ನನ್ನ ಭುಜ ಹಿಡಿದು ಮೆಲ್ಲಗೆ ಹೇಳಿತು: ಒಳಲೆಗೆ ನಿಮ್ ಚಿಕ್ಕಸ್ವಾಮಿ ಮಾವನೇ ಬರ್ಬೇಕು ಕಣ್ಲಾ, ಬೇರೆ ದಾರಿ ಇಲ್ಲ.

ಇಲ್ಲಿ ಸ್ವಲ್ಪ ನೀರು ಕುಡಿದು ಬಾ ಅವ್ವ. ನಿನ್ನ ಹುಬ್ಬು ಗಂಟಾದದ್ದು ನನಗೆ ಇಲ್ಲಿಗೇ ಕಾಣುತ್ತಿದೆ.

ಅಪ್ಪನ ಹನ್ನೊಂದನೇ ದಿನ ತವರಿನ ಸೀರೆಯನ್ನು ಅಣ್ಣನೇ ತಂದು ಹೊದಿಸಬೇಕಿತ್ತು, ಮಾವ ಬರಲಿಲ್ಲ, ಯಾರದೋ ಕೈಯಲ್ಲಿ ಸೀರೆ ಕಳಿಸಿದರು. ನನಗೆ ಅಣ್ಣ ಇಲ್ಲ ಅಂದುಕೊಂಡೆ ಬುಡು ಅಂತ ನೀನು ಅಂದೆ. ಅಂದಿನಿಂದ ಕೆ.ಆರ್. ಪೇಟೆಯ ಬಸ್ಸು ಬಂದರೂ ಮುಖ ತಿರುಗಿಸುತ್ತೀಯ. ಆ ಸೀರೆಯನ್ನು ನೀನು ಉಡಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಇದೆಲ್ಲ ಗೊತ್ತಿದ್ದೂ ನಿನ್ನನ್ನು ಕೇಳದೆ ಪೇಟೆ ಬಸ್ಸು ಹತ್ತಿದೆ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ನೀನು ಬೇಡ ಅಂದ ಮೇಲೆ ಹೋಗಲು ನನಗೆ ಧೈರ್ಯ ಸಾಲುತ್ತಿರಲಿಲ್ಲ.

ಮಾವ ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತಿದ್ದರು. ತುಂಬ ಇಳಿದುಹೋಗಿದ್ದಾರೆ, ಅಂಗಿಯೇ ಅವರನ್ನು ತೊಟ್ಟುಕೊಂಡ ಹಾಗೆ. ಕಬ್ಬಿನ ಸೂಲಂಗಿ ಹೂವೆಲ್ಲ ಬಿಳಿಯಾಗಿ ತೂಗುತ್ತಿತ್ತು, ಗಾಳಿಗೆ ಇಡೀ ಗದ್ದೆ ನಿದ್ದೆಯಲ್ಲಿ ಉಸಿರಾಡುವಂತಿತ್ತು. ನನ್ನ ಕಡೆ ನೋಡದೆಯೇ, ನಿಮ್ಮವ್ವ ಕಳ್ಸಿದ್ಲೇನ್ಲಾ ಅಂದರು.

ಇಲ್ಲ ಮಾವ, ಕಳ್ಳ ಕಳ್ಸಿದ ಅಂದೆ.

ಎಲ್ಲ ಹೇಳಿದೆ. ಪೊಲೀಸು, ಟಾರ್ಪಾಲು, ಇನ್ನೊಬ್ಬ ಚಿಕ್ಕಸ್ವಾಮಿ. ಅದ್ಯಾವುದೂ ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಅವರು ಕೇಳಿದ್ದು ಒಂದೇ: ಒಳಲೇನ ಇನ್ನೂ ಮಡಗಿದ್ಲಾ? ಧಾರೆ ಸೀರೆ ಒಳಗೆ ಸುತ್ತಿ ಮಡಗಿತ್ತು ಮಾವ ಅಂದೆ. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಅಂದರು, ಅವರ ಮಾತಿನಲ್ಲೇ ಬರೆಯುತ್ತೇನೆ: ನಿಮ್ಮಪ್ಪನ್ನ ನೋಡಿ ಒಪ್ಪಿ ತಂದೋನು ನಾನು ಕಣ್ಲಾ. ಅವಳ ಬರಿ ಹಣೆ ಹೆಂಗ್ಲಾ ನೋಡ್ಲಿ? ಸೀರೆ ಹಿಡ್ಕಂಡು ಅರಕೆರೆ ಬಸ್ ಸ್ಟ್ಯಾಂಡ್ ಗಂಟ ಬಂದಿದ್ದೆ. ಕಾಲು ಮುಂದಕ್ಕೆ ಬರ್ಲೇ ಇಲ್ಲ. ಅಲ್ಲೇ ಸಿಕ್ಕೋರ ಕೈಗೆ ಕೊಟ್ಟು, ಬಂದ ಬಸ್ಸಲ್ಲೇ ವಾಪಸ್ ಕುಂತ್ಕಂಡೆ.

ಮಾವ ಪೇಟೆಯಿಂದ ಹೊರಡಲೇ ಇಲ್ಲ ಅಂತ ನಾವು ತಿಳಿದಿದ್ದೆವು ಅವ್ವ. ಊರಿನ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದರು. ಯಾರೂ ನಮಗೆ ಹೇಳಲಿಲ್ಲ. ನಾವೂ ಸೀರೆ ತಂದವರನ್ನು ಕೂರಿಸಿ ಕೇಳಲಿಲ್ಲ.

ಮಾರನೇ ದಿನ ಠಾಣೆಗೆ ಬಂದರು. ಒಳಲೆಯನ್ನು ಕೈಗೆ ಕೊಡುವ ಮುಂಚೆಯೇ ಗುರುತು ಹೇಳಿದರು: ಮೂತಿ ಎಡಕ್ಕೆ ಒಂಚೂರು ಸೊಟ್ಟಗದೆ ನೋಡಿ ಸಾರ್. ಈ ನನ್ಮಗ ಹಲ್ಲು ಹುಟ್ಟೋವಾಗ ಕಚ್ಚಿದ್ದು. ನಾನು ಇಕ್ಕಳ ಇಟ್ಟು ನೆಟ್ಟಗೆ ಮಾಡಕೋಗಿ ಮೂತಿ ಅಡೀಲಿ ಗಾಯ ಮಾಡಿವ್ನಿ, ನನ್ ತಂಗಿ ಒಂದಿನ ಎಲ್ಲ ಬೈದವ್ಳೆ. ಮಹದೇವಸ್ವಾಮಿ ತಿರುಗಿಸಿ ನೋಡಿದರು. ಇತ್ತು. ಇನ್ನೊಬ್ಬ ಚಿಕ್ಕಸ್ವಾಮಿಯ ಅಳಿಯನೇ ಮೊದಲು ನಕ್ಕಿದ್ದು. ನಲವತ್ತು ದಾಟಿದ ಡೇರಿ ಸೆಕ್ರೆಟರಿಯ ಮೊದಲ ಹಲ್ಲಿನ ಗುರುತು ಸರ್ಕಾರಿ ಕಾಗದದಲ್ಲಿ ದಾಖಲಾಯಿತು. ಕೋರ್ಟಿನ ಅಪ್ಪಣೆಯೂ ಆಯಿತು. ಹಂಡೆ ಮನೆಗೆ ಬಂದು ಒಲೆಯ ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಕೂತಿದೆ. ಒಳಲೆಯನ್ನು ಮಾವನೇ ತೆಗೆದುಕೊಂಡು ಹೋದರು, ಪೇಟೆಯಲ್ಲಿ ಮೆರುಗು ಹಾಕಿಸಿ ಕೊಡುತ್ತೇನೆ ಅಂತ. ಗುರುವಾರ ಹೋಗಿ ಇಸಿದುಕೊಂಡು, ಶುಕ್ರವಾರ ತರುತ್ತೇನೆ.

ಅಪ್ಪನ ಗಂಗಾಳ ಸಿಗಲಿಲ್ಲ. ಅದು ಅಷ್ಟರಲ್ಲಾಗಲೇ ಬೇರೆಲ್ಲೋ ಕರಗಿಹೋಗಿತ್ತಂತೆ. ಈಗ ಅದು ಯಾರದೋ ಮನೆಯ ನಲ್ಲಿಯಾಗಿರಬಹುದು, ಯಾವುದೋ ಹಸುವಿನ ಕೊರಳ ಗಂಟೆಯಾಗಿರಬಹುದು. ನಿನ್ನೆ ಸಂಜೆ ಏರಿಯ ಮೇಲೆ ಗಂಟೆ ಕಟ್ಟಿಕೊಂಡ ಹಸುವೊಂದು ಹೋಯಿತು. ಅದರ ಸದ್ದು ತೀರುವವರೆಗೂ ನಿಂತಿದ್ದೆ.

ಇನ್ನು ಮೇಲೆ ಎಲ್ಲದರ ಮೇಲೂ ನಮ್ಮ ಹೆಸರೇ ಕೊರೆಸೋಣ ಅನ್ನುತ್ತಾಳೆ ಅರ್ಪಿತ. ಬೇಡ ಅಂದೆ. ಒಳಲೆಯ ಮೇಲೆ ನಮ್ಮ ಹೆಸರಿದ್ದಿದ್ದರೆ ಅವತ್ತೇ ಕೈಗೆ ಕೊಟ್ಟು ಕಳಿಸುತ್ತಿದ್ದರು. ನಾನು ಪೇಟೆಗೆ ಹೋಗುತ್ತಲೇ ಇರಲಿಲ್ಲ.

ಮಾವನನ್ನು ತೊಟ್ಟಿಲಿಗೆ ಕರೆಯಲೋ ಬೇಡವೋ, ನೀನೇ ಯೋಚಿಸು. ನಾನು ಒತ್ತಾಯ ಮಾಡುವುದಿಲ್ಲ. ಈಗ ನಾನೂ ಒಂದು ಕೂಸಿನ ಸೋದರಮಾವನಾದೆ. ಆ ಕೆಲಸ ಎಷ್ಟು ಕಷ್ಟ ಅಂತ ಮೊದಲೇ ಸ್ವಲ್ಪ ತಿಳಿದ ಹಾಗಾಯಿತು, ಅಷ್ಟೇ.

ಬೀಗಿತ್ತಿಗೆ ನಮಸ್ಕಾರ, ರಂಜಿತಳಿಗೆ ಬರೀ ಒಳ್ಳೆಯ ಸುದ್ದಿ, ಕೂಸಿನ ಎರಡೂ ಕೆನ್ನೆಗೆ ಒಂದೊಂದು ಮುತ್ತು. ಮಂಡಿಗೆ ಎಣ್ಣೆ ಮರೆಯಬೇಡ.

ನಿನ್ನ ಮಗ
ಶಿವಶಂಕರ

ಮತ್ತೆ, ಸೋಮವಾರ ಬೆಳಿಗ್ಗೆ, ನಿಂತುಕೊಂಡೇ ಬರೆಯುತ್ತಿದ್ದೇನೆ: ಈ ಕಾಗದವನ್ನು ಡ್ರೈವರ್‌ಗೆ ಕೊಡಲು ಬಸ್ ಸ್ಟ್ಯಾಂಡಿಗೆ ಬಂದರೆ ಪೇಟೆ ಕಡೆಯಿಂದ ಮಾವ ಇಳಿದರು, ಕೈಯಲ್ಲಿ ಒಳಲೆಯ ಗಂಟು. ಆ ಕಾಗ್ದ ಇತ್ಲಾಗೆ ಕೊಡು, ನಾನೇ ಓಯ್ತೀನಿ ಅಂದರು. ಆದರೆ ಒಳಗೆ ಬರುವುದಿಲ್ಲವಂತೆ. ರಂಜಿತಳ ಮನೆ ಎದುರು ಹೊನ್ನಪ್ಪನ ಅಂಗಡಿ ಇದೆಯಲ್ಲ, ಕಾಗದವನ್ನು ಹೊನ್ನಪ್ಪನ ಕೈಯಲ್ಲಿ ಒಳಗೆ ಕಳಿಸಿ, ಬೆಂಚಿನ ಮೇಲೆ ಕೂತಿರುತ್ತಾರಂತೆ. ಕರೆಯದಿದ್ದರೆ ಗಂಟನ್ನು ಅಂಗಡಿಯಲ್ಲೇ ಇಟ್ಟು ವಾಪಸ್ ಬಸ್ಸು ಹತ್ತುತ್ತಾರಂತೆ. ನಿಧಾನವಾಗಿ ಓದು ಅಂತ ಮೇಲೆ ಬರೆದೆ, ತಪ್ಪಾಯಿತು. ಈ ಸಲ ಬಸ್ ಸ್ಟ್ಯಾಂಡು ದಾಟಿ ಬಂದಿದ್ದಾರೆ ಅವ್ವ, ಇನ್ನು ಉಳಿದಿರುವುದು ಬೀದಿಯ ಅಗಲ. ಅದನ್ನು ದಾಟಲು ಅವರ ಕಾಲಿಗೆ ಆಗುವುದಿಲ್ಲ. ಬಾಗಿಲಿಗೆ ಬಂದು ಅಣ್ಣಾ ಅನ್ನು, ಸಾಕು. ಕನ್ನಡಕ ಆಮೇಲೆ ತೆಗೆ.