ಅರಕ್ಸಿ ಅಜ್ಜಿ ಕೇಳಿದ ಸಾಬೂನು

ಡ್ಯಾನ್‌ವಿಲ್,
26 ಏಪ್ರಿಲ್ 2025, ಶನಿವಾರ

ಭಾಯಿಜಾನ್‌ಗೆ ಖಾಲಿದಾಳ ಸಲಾಂ.

ನಿಮ್ಮ ಸೊಂಟನೋವು ಹೇಗಿದೆ? ಭಾಭಿ ಶುಗರ್ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಅಮ್ಮಿ ಎರಡು ತುತ್ತಾದರೂ ಉಣ್ಣುತ್ತಾರಾ? ಫೋನಿನಲ್ಲಿ ನೀವು ಎರಡನೇ ಮಾತಿಗೇ "ಆತು, ಇಡ್ತೀನಿ" ಅನ್ನುತ್ತೀರಿ, ಅದಕ್ಕೇ ಈ ಕಾಗದ. ಡ್ಯೂಟಿ ಮುಗಿದು ಅರ್ಧ ಗಂಟೆಯಾಯಿತು. ಫ್ರೀಮಾಂಟ್‌ನ ಮನೆಗೆ ಹೊರಡಲು ಮನಸ್ಸಾಗದೆ ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ನಾನು ನೋಡಿಕೊಳ್ಳುವ ಅರಕ್ಸಿ ಅಜ್ಜಿಯ ಬಗ್ಗೆ ಹೇಳಿದ್ದೆನಲ್ಲ, ಅರ್ಮೇನಿಯನ್ನರು. ನೂರಹತ್ತು ವರ್ಷದ ಹಿಂದೆ ತುರ್ಕರ ಆಳ್ವಿಕೆಯಲ್ಲಿ ಇವರ ಜನರನ್ನು ಮನೆಮಠ ಬಿಡಿಸಿ ಅಟ್ಟಿದರು, ಲಕ್ಷಗಟ್ಟಲೆ ಸತ್ತರು. ಅಜ್ಜಿಯ ತಾಯಿ ಎಂಟು ವರ್ಷದವಳಿದ್ದಾಗ ಐಂತಾಬ್ ಎಂಬ ಊರಿನಿಂದ ಅಲೆಪ್ಪೊವರೆಗೆ ನಡೆದು ಬದುಕಿದವಳು. ಅಜ್ಜಿ ಹುಟ್ಟಿದ್ದು ಅಲೆಪ್ಪೊದಲ್ಲಿ. ಮದುವೆಯಾಗಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು, ನಲವತ್ತು ವರ್ಷ ಪ್ರತಿ ಶನಿವಾರ ಚರ್ಚಿನ ಹಾಲಿನಲ್ಲಿ ಮಕ್ಕಳಿಗೆ ಅರ್ಮೇನಿಯನ್ನಿನ ಮೂವತ್ತೆಂಟು ಅಕ್ಷರ ತಿದ್ದಿಸಿದರು. ಅವರ ತಾಯಿಗೆ ಬರುತ್ತಿದ್ದದ್ದು ತುರ್ಕಿಯೊಂದೇ, ಐಂತಾಬ್‌ನ ಎಷ್ಟೋ ಅರ್ಮೇನಿಯನ್ನರಿಗೆ ಅದೇ ಮನೆಮಾತಾಗಿತ್ತಂತೆ. ಆದರೂ ಕ್ಲಾಸಿನಲ್ಲಿ ಯಾರಾದರೂ ತುರ್ಕಿ ಪದ ಆಡಿದರೆ ಈ ಟೀಚರು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು.

ಈಗ ಅವರಿಗೆ ಮರೆವಿನ ಕಾಯಿಲೆ. ಮೊದಲು ಇಂಗ್ಲಿಷ್ ಹೋಯಿತು, ಜನವರಿಯಲ್ಲಿ ಅರ್ಮೇನಿಯನ್ನೂ ಹೋಯಿತು. ಉಳಿದದ್ದು ತುರ್ಕಿ. ಮೊನ್ನೆ, ಆಗ ಸತ್ತವರನ್ನೆಲ್ಲ ನೆನೆಯುವ ದಿನ, ತಲೆ ನರೆತ ಶಿಷ್ಯರು ಹೂವು ಹಿಡಿದು ಬಂದರೆ ಅಜ್ಜಿ ತುರ್ಕಿಯಲ್ಲೇ ಮಾತಾಡಿಸಿದರು. ಎಲ್ಲರೂ ನೆಲ ನೋಡಿದರು. ಮಗ ಹರೂತ್ ಅಡುಗೆಮನೆಗೆ ಬಂದು, "ಆ ಭಾಷೆಗೆ ನೀವು ತಲೆಯಾಡಿಸಬೇಡಿ. ಅದು ನಮ್ಮನ್ನು ಕೊಂದವರ ಭಾಷೆ" ಅಂದರು. ತಮಗೆ ಅದರ ಒಂದಕ್ಷರವೂ ಬರುವುದಿಲ್ಲವಂತೆ.

ನನಗೋ ಒಳಗೊಳಗೇ ಸಂಕಟ. ಮೂರು ವಾರದಿಂದ ಅಜ್ಜಿ ಸ್ನಾನಕ್ಕೆ ಒಪ್ಪದೆ, ಮೈ ಮುಟ್ಟಿದರೆ ಕಿರುಚಿ, ಎರಡೇ ಪದ ಹೇಳುತ್ತಿದ್ದರು: ಸಾಬುನ್, ಸಂದಿಕ್. ನಮ್ಮ ಸಾಬೂನು, ನಮ್ಮ ಸಂದೂಕು. ತಿಳಿದೂ, ಕೆಲಸ ಹೋದೀತೆಂದು ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಬೆಳಿಗ್ಗೆ ತಡೆಯಲಾಗದೆ ಹರೂತ್‌ಗೆ ಹೇಳಿಬಿಟ್ಟೆ: "ನಿಮ್ಮ ತಾಯಿ ಸೋಪು ಕೇಳ್ತಿದ್ದಾರೆ. ಪೆಟ್ಟಿಗೆಯಲ್ಲಿದೆ ಅಂತಿದ್ದಾರೆ."

ಅವರ ಮುಖ ಕೆಂಪಾಯಿತು. ಮನೆಗೆ ಹೋಗು ಅನ್ನುತ್ತಾರೆಂದು ನಾನು ಚೀಲ ಎತ್ತಿಕೊಂಡೆ. ಅವರು ಗರಾಜಿಗೆ ಹೋದರು. ತಗಡಿನ ಪೆಟ್ಟಿಗೆಯಲ್ಲಿ, ಶಾಲೆಯ ಹಾಜರಿ ಪುಸ್ತಕಗಳ ಕೆಳಗೆ, ಪೇಪರಿನಲ್ಲಿ ಸುತ್ತಿದ ಅಲೆಪ್ಪೊದ ಸಾಬೂನು, ಆರು ತುಂಡು. ಅಜ್ಜಿ ಒಂದನ್ನು ಮೂಸಿ, ತಾವೇ ಗುಂಡಿ ಬಿಚ್ಚತೊಡಗಿದರು. ನೀರು ಹಾಕುವಾಗ ನನ್ನ ಮಣಿಕಟ್ಟು ಹಿಡಿದು ಏನೋ ಕೇಳುತ್ತಲೇ ಇದ್ದರು, ನನಗೆ ತಿಳಿಯಲಿಲ್ಲ. ಬಾಗಿಲಾಚೆಯಿಂದ ಹರೂತ್ ಹೇಳಿದರು:

"'ಅಮ್ಮಾ, ನಾವು ಮನೆ ಮುಟ್ಟಿದ್ವಾ' ಅಂತ ಕೇಳ್ತಿದ್ದಾಳೆ. ಎವೆತ್ ಅನ್ನಿ. ಹೌದು ಅಂತ."

ಎವೆತ್ ಅಂದೆ. ಆಮೇಲೆ ಅಜ್ಜಿ ಕೇಳಿದ್ದಕ್ಕೆಲ್ಲ ಅವರೇ ಹೊರಗೆ ನೆಲದ ಮೇಲೆ ಕೂತು ತುರ್ಕಿಯಲ್ಲಿ ಉತ್ತರ ಕೊಟ್ಟರು. ಅರವತ್ತು ದಾಟಿದ ಗಂಡಸು.

ಭಾಭಿಗೆ ಸಲಾಂ, ಮಕ್ಕಳಿಗೆ ದುವಾ, ಅಮ್ಮಿಯ ಹಣೆಗೊಂದು ಮುತ್ತು.

ನಿಮ್ಮ ತಂಗಿ,
ಖಾಲಿದಾ

ತಾ.ಕ.: ಅಂಚೆ ತಡವಾದೀತು, ಕಾಗದದ ಫೋಟೋ ಈಗಲೇ ಕಳಿಸುತ್ತಿದ್ದೇನೆ. ಅಮ್ಮಿಯನ್ನು ಸೇರಿಸುವ ಆ ವೃದ್ಧಾಶ್ರಮದ ಫಾರ್ಮಿಗೆ ಸಹಿ ಹಾಕಬೇಡಿ. ಅಮ್ಮಿ ಬರೀ ಬಡಬಡಿಸುತ್ತಾರೆ ಅಂದಿರಲ್ಲ, ಏನು ಕೇಳುತ್ತಿದ್ದಾರೆಂದು ನಾನೊಮ್ಮೆ ಹತ್ತಿರ ಕೂತು ಕೇಳಬೇಕು. ಮೇ ಹದಿನಾಲ್ಕಕ್ಕೆ ಟಿಕೆಟ್ ಆಗಿದೆ. ನಮ್ಮ ಮನೆಯವರಿಗೆ ಇನ್ನೂ ಹೇಳಿಲ್ಲ. ರಿಟರ್ನ್ ಮಾಡಿಸಿಲ್ಲ.