ಅಕ್ಕುವಿನ ಪಾಲು

ಅಜ್ಜಾವರ
೨೨-೧-೧೯೫೯

ಗಂಡನ ಮನೆ ಸೇರಿದ ಮೇಲೆ ನನ್ನನ್ನು ಮರೆತೇಬಿಟ್ಟ ಕಮಲಾವತಿಗೆ,

ನಾನು ಬರೆದ ಎರಡು ಕಾಗದಕ್ಕೂ ನಿನ್ನ ಉತ್ತರವಿಲ್ಲ. ಕೊಲ್ಲಮೊಗ್ರಿಗೆ ಅಂಚೆ ಹೋಗುವುದಿಲ್ಲವೋ, ನಿನ್ನ ಅತ್ತೆ ಬರೆಯಲು ಬಿಡುವುದಿಲ್ಲವೋ? ಇರಲಿ, ಬೈಯುವುದು ಆಮೇಲೆ. ಇವತ್ತು ನಮ್ಮ ಬೋರ್ಡ್ ಹೈಸ್ಕೂಲಿನ ವಾರ್ಷಿಕೋತ್ಸವ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದದ್ದಕ್ಕೆ ನನಗೊಂದು ಪೆನ್ನು ಕೊಟ್ಟರು. ಅದರಲ್ಲೇ ಬರೆಯುತ್ತಿದ್ದೇನೆ. ಶಾಯಿ ಕಕ್ಕುತ್ತದೆ, ಏನು ಮಾಡಲಿ.

ನೀನು ಹೋದ ಮೇಲೆ ಹುಡುಗಿಯರ ಬೆಂಚಿನಲ್ಲಿ ನಾನೊಬ್ಬಳೇ. ಗಂಟೆ ಹೊಡೆಯುವವರೆಗೆ ಹುಡುಗಿಯರಿಗೆಂದು ಬಿಟ್ಟ ಆ ಕತ್ತಲೆ ಕೋಣೆಯಲ್ಲಿ ಕೂತಿರಬೇಕು, ಮಾಸ್ತರು ಬಂದಾಗ ಅವರ ಹಿಂದೆ ತರಗತಿಗೆ ಹೋಗಬೇಕು, ಪಾಠ ಮುಗಿದೊಡನೆ ಅವರ ಹಿಂದೆಯೇ ಹೊರಬರಬೇಕು. ಆಗ ನಾವಿಬ್ಬರೂ ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದೆವಲ್ಲ, ಈಗ ನಗುವಂಥದ್ದು ಏನೂ ಇಲ್ಲ. ಮಧ್ಯಾಹ್ನದ ಬುತ್ತಿಯನ್ನೂ ಒಬ್ಬಳೇ ಕೂತು ಉಣ್ಣುತ್ತೇನೆ.

ಅಪ್ಪನ ಕಟ್ಟಳೆ ನಿನಗೆ ಗೊತ್ತೇ ಇದೆ: ಜೊತೆಗೊಬ್ಬಳು ಹುಡುಗಿ ಇದ್ದರೆ ಮಾತ್ರ ಶಾಲೆ. ನಿನ್ನ ಮದುವೆ ಮುಗಿಯಿತೋ ಇಲ್ಲವೋ, "ಇನ್ನು ಸಾಕು ಶೀಲಾ, ಆ ಕಾಡುದಾರಿಯಲ್ಲಿ ಒಬ್ಬಳೇ ಹೋಗುದು ಬೇಡ" ಎಂದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಕಣ್ಣೆದುರಿಗಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಹೊಸ ಹುಡುಗಿ ಸೇರಿದ್ದಾಳೆ, ಅಕ್ಕು ಅಂತ ಹೆಸರು, ಗುಡ್ಡದಾಚೆ ನೆಂಟರ ಮನೆಯಲ್ಲಿದ್ದಾಳೆ, ದಿನಾ ಹೊಳೆಬದಿಯಲ್ಲಿ ನನಗಾಗಿ ಕಾಯುತ್ತಾಳೆ. ಕಮಲಾ, ಅಂಥ ಹುಡುಗಿಯೇ ಇಲ್ಲ. ನಾನೊಬ್ಬಳೇ ಹೋಗುತ್ತೇನೆ, ಒಬ್ಬಳೇ ಬರುತ್ತೇನೆ.

ಅಷ್ಟಕ್ಕೇ ಮುಗಿಯಲಿಲ್ಲ. ಅವ್ವ ದಿನಾ ಸಂಜೆ ಅವಳ ಸುದ್ದಿ ಕೇಳುತ್ತಾಳೆ. ಅಕ್ಕುವಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ, ಜಿಗಣೆ ಕಂಡರೆ ಕಿರುಚುತ್ತಾಳೆ, ಮಾತು ಮುಗಿಸುವ ಮೊದಲೇ ನಗುತ್ತಾಳೆ ಎಂದೆಲ್ಲ ಹೇಳಿದ್ದೇನೆ. ಎಲ್ಲ ನಿನ್ನವೇ ಗುಣ. ಮತ್ತೆ ಯಾರನ್ನು ನೋಡಿ ಹೇಳಲಿ, ನನಗೆ ಗೆಳತಿಯೆಂದು ಇದ್ದವಳು ನೀನೊಬ್ಬಳೇ. ಈಗೀಗ ದಾರಿಯಲ್ಲಿ ಅವಳೊಡನೆ ಗಟ್ಟಿಯಾಗಿಯೇ ಮಾತನಾಡುತ್ತೇನೆ. ಹುಚ್ಚು ಹಿಡಿದಿದೆ ಎಂದುಕೊಳ್ಳಬೇಡ.

ಇವತ್ತು ನನ್ನ ಬಹುಮಾನ ನೋಡಲು ಅಪ್ಪ ಮದುವೆಯ ಅಂಗಿ ಹಾಕಿಕೊಂಡು ಬಂದರು. ಕೈಯಲ್ಲಿ ಅಕ್ಕುವಿಗೆಂದು ಅವ್ವ ಬಾಳೆಲೆಯಲ್ಲಿ ಕಟ್ಟಿಕೊಟ್ಟ ಅಕ್ಕಿಯುಂಡೆ. ಅವಳಿಗೆ ಜ್ವರ ಎಂದು ನಾನು ಹೇಳುವಷ್ಟರಲ್ಲಿ ಹೆಡ್‌ಮಾಸ್ಟರನ್ನೇ ಕೇಳಿಬಿಟ್ಟರು, "ಇವಳ ಒಟ್ಟಿಗೆ ಬರುವ ಆ ಹುಡುಗಿಗೆ ಎಂತದೂ ಬಹುಮಾನ ಇಲ್ವಾ?"

"ಯಾವ ಹುಡುಗಿ ಮಾರಾಯ್ರೆ? ಇಡೀ ಕ್ಲಾಸಿಗೆ ಹುಡುಗಿ ಅಂತ ಇವಳೊಬ್ಬಳೇ ಉಂಟು. ಆದ್ರೂ ನೋಡಿ, ಇವಳೇ ಫಸ್ಟ್!" ಎಂದು ಹೆಡ್‌ಮಾಸ್ಟರು ನನ್ನ ಬೆನ್ನು ತಟ್ಟುವ ಉತ್ಸಾಹದಲ್ಲಿ ಹೇಳಿದರು.

ಅಪ್ಪ ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ಹೊಳೆಯವರೆಗೆ ಅವರು ಮುಂದೆ, ನಾನು ಹಿಂದೆ. ನಡುನಡುವೆ ನಿಂತು ಎರಡೂ ಬದಿಯ ಕಾಡನ್ನು ನೋಡುತ್ತಿದ್ದರು. ಬೈದಿದ್ದರೆ ಅತ್ತಾದರೂ ಬಿಡುತ್ತಿದ್ದೆ. ದೋಣಿಗೆ ಕಾಯುವಾಗ ಆ ಪೊಟ್ಟಣ ನನ್ನ ಕೈಗಿಟ್ಟು "ತಿನ್ನು" ಎಂದರು. ಹೇಗೋ ನುಂಗಿದೆ.

ಮನೆಗೆ ಬಂದು ಇಷ್ಟು ಹೊತ್ತಾಯಿತು, ಅಪ್ಪ ಅವ್ವನಿಗೆ ಇನ್ನೂ ಏನೂ ಹೇಳಿಲ್ಲ. ನಾಳೆ ನನಗೆ ಶಾಲೆ ಇದೆಯೋ ಇಲ್ಲವೋ ಗೊತ್ತಿಲ್ಲ. ಪರೀಕ್ಷೆಗೆ ಕೂರಬೇಕು ಎನ್ನುವುದೊಂದು ಬಿಟ್ಟರೆ ನನಗೆ ಬೇರೆ ಆಸೆಯಿಲ್ಲ ಕಮಲಾ. ಇದಕ್ಕಾದರೂ ಉತ್ತರ ಬರೆ. ನೀನಿಲ್ಲದೆ ತುಂಬ ಬೇಸರ.

ನಿನ್ನ ಬೆಂಚಿನ ಗೆಳತಿ,
ಶೀಲಾವತಿ

ಮತ್ತೆ ಸೇರಿಸಿದ್ದು: ಕಾಗದ ಅಂಟಿಸುವ ಮೊದಲೇ ಊಟಕ್ಕೆ ಕರೆ ಬಂತು. ಅಕ್ಕಿಯುಂಡೆ ಅಕ್ಕುವಿಗೆ ಹಿಡಿಸಿತೋ ಎಂದು ಅವ್ವ ಬಡಿಸುತ್ತಾ ಕೇಳಿದಳು. ಅಪ್ಪ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ನನ್ನ ಎದುರೇ ತಿಂದಳು. ಪಾಪದ ಹುಡುಗಿ. ನಾಳೆಯೂ ಅವಳಿಗೆ ಒಂದು ಪಾಲು ಕಟ್ಟು" ಎಂದರು.