ಗುಗ್ಗೆ ತೆಗೆಸಿದ ಕಿವಿಗೆ ಕೇಳಿದ್ದು

ಸುಂಕದಕಟ್ಟೆ
20-2-2025, ಗುರುವಾರ

ಕೆಂಗೇರಿಯ ನನ್ನ ತಮ್ಮನ ಮಾವನ ಮನೆಯ ಸಮಸ್ತ ಸಭಿಕರೇ, ಅಡುಗೆಮನೆ ಬಾಗಿಲಿಗೆ ಒರಗಿ ನಿಂತ ತಾಯಂದಿರೇ, ನನ್ನ ಹೆಸರು ಬಂದರೆ ಷರಟಿನ ತೋಳು ಮಡಚುವ ವೀರ ಬಾಮೈದರೇ, ದಯಮಾಡಿ ಟೀವಿ ಆರಿಸಿ ಹತ್ತಿರ ಬಂದು ಕೂತುಕೊಳ್ಳಿ. ಅಮ್ಮಾ ಬಿಂದುಶ್ರೀ, ಈ ಕಾಗದವನ್ನು ನೀನೇ ಗಟ್ಟಿಯಾಗಿ ಓದಬೇಕು. ನಿನ್ನ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಮಲಗಲಿ. ಅವನ ಕಿವಿ ಚೆನ್ನಾಗಿದೆ. ಕೆಟ್ಟದ್ದು ನನ್ನದು, ಕಥೆಯೂ ಅದರದ್ದೇ.

ಪ್ರೀತಿಯ ತಮ್ಮ ಸೀನನಿಗೆ ನಿನ್ನ ಅಣ್ಣ ಕಾಂತರಾಜು ಮಾಡುವ ಆಶೀರ್ವಾದ. ಹೆಗಲ ಮೂಳೆ ಕೂಡಿಕೊಳ್ಳುತ್ತಿದೆಯಾ? ಮಣಿಕಟ್ಟಿನ ಪ್ಲಾಸ್ಟರ್ ಒಳಗೆ ವಿಪರೀತ ನವೆ ಎಂದು ಹಾರ್ಮೋನಿಯಂ ಮೇಷ್ಟ್ರು ಅಮೀನಪ್ಪನವರು ಹೇಳಿದರು. ಕಡ್ಡಿ ತೂರಿಸಿ ಕೆರೆದುಕೊಳ್ಳಬೇಡ, ಕಡ್ಡಿ ತೂರಿಸುವುದರ ಫಲವನ್ನು ನಾನು ಪೂರ್ತಿ ಉಂಡಿದ್ದೇನೆ. ಎಡಗೈಯಲ್ಲಿ ಮುದ್ದೆ ಮುರಿಯುವುದು ನಿನಗೆ ಎಂದಿಗೂ ಬರುವುದಿಲ್ಲ, ಚಿಕ್ಕವನಿದ್ದಾಗ ಬಲಗೈಗೆ ಚೇಳು ಕಡಿದು ಮೂರು ದಿನ ನಾನೇ ತಿನ್ನಿಸಿದ್ದೆ. ಈಗ ಬಿಂದುಶ್ರೀ ತಿನ್ನಿಸುತ್ತಿರಬೇಕು. ಹದಿನೆಂಟು ದಿನದಿಂದ ನೀನು ನನ್ನ ಫೋನು ಎತ್ತಿಲ್ಲ. ಎತ್ತಿದ್ದರೂ ನಿನ್ನೆಯವರೆಗೆ ನನಗೆ ಏನೂ ಕೇಳಿಸುತ್ತಿರಲಿಲ್ಲ. ಗಿರಣಿಗೆ ರಾಗಿ ತಂದವರೆಲ್ಲ ತಮ್ಮ ಎಲ್ಲಿ ಎಂದು ಬಾಯಾಡಿಸುತ್ತಿದ್ದರು, ನಾನು ಹಿಟ್ಟು ಜರಡಿ ಹಿಡಿಯುತ್ತ ನಿಲ್ಲುತ್ತಿದ್ದೆ. ನೀನು ಮತ್ತೆ ಆ ಗಿರಣಿಗೆ ಬಂದು ನನ್ನನ್ನು ಅಣ್ಣ ಎಂದು ಕರೆಯುತ್ತೀಯೋ ಇಲ್ಲವೋ, ನನಗೆ ಬೇಕಾದದ್ದು ಅದೊಂದೇ.

ನಿಮ್ಮ ಮನೆಯ ಹೊಸಬರಿಗಾಗಿ ಒಂದು ಮಾತು. ನಮ್ಮ ತಾತ ಒಂದು ನಾಟಕ ಕಟ್ಟಿದರು, ದೊಡ್ಡರಸ ಮತ್ತು ಚಿಕ್ಕರಸ ಎಂಬ ಇಬ್ಬರು ಪಾಳೆಯಗಾರ ಸಹೋದರರದ್ದು. ನಮ್ಮ ಮನೆಯಲ್ಲಿ ಹಿರಿಯ ಮಗ ದೊಡ್ಡರಸ, ಕಿರಿಯ ಮಗ ಚಿಕ್ಕರಸ. ಬೇರೆ ಯಾರಿಗೂ ಆ ಪಾರ್ಟು ಸಿಗುವುದಿಲ್ಲ. ಕೊನೆಯಲ್ಲಿ ಗದೆ ಹಿಡಿದು ಹೊಡೆದಾಡಬೇಕು. ಬಾಡಿಗೆ ಡ್ರೆಸ್ಸಿನವರು ಕೊಡುವ ಥರ್ಮಾಕೋಲಿನ ಗದೆಯಲ್ಲ, ತಾತ ಹಲಸಿನ ಮರದಲ್ಲಿ ಕಡೆಸಿದ್ದು, ತೂಕಕ್ಕೆ ಒಂದು ಬೀಸುಗಲ್ಲಿನ ಹೋಳು. ಗುರಾಣಿಯ ಮೇಲೆ ಅದು ಬಿದ್ದರೆ ಹಿಂದಿನ ಸಾಲಿನ ಮಗುವೂ ಬೆಚ್ಚಬೇಕು. ಐದಾರು ಏಟು ಆದ ಮೇಲೆ ಚಿಕ್ಕರಸ ಗುರಾಣಿ ಚೆಲ್ಲಿ ಮಂಡಿಯೂರಿ 'ಅಣ್ಣಾ, ಸಾಕು' ಎನ್ನಬೇಕು. ಆ ಮಾತು ಕಿವಿಗೆ ಬಿದ್ದ ಕ್ಷಣ ದೊಡ್ಡರಸ ಗದೆಯನ್ನು ಹಿಂದಕ್ಕೆ ಎಸೆದು ತಮ್ಮನನ್ನು ಎತ್ತಬೇಕು. ಏಟು ಎಣಿಸುವುದಿಲ್ಲ, ಮುಖ ನೋಡುವುದಿಲ್ಲ, ಮಾತಿಗೇ ಕಾಯಬೇಕು. ಬಿದ್ದವನಿಗೆ ದೊಡ್ಡರಸ ಗದೆ ತಾಗಿಸಬಾರದು. ಅದು ತಾತನ ಕಟ್ಟಳೆ. ನಲವತ್ತು ವರ್ಷದಲ್ಲಿ ಯಾರ ಮೈಮೇಲೂ ಒಂದು ಗೀರು ಬಿದ್ದಿರಲಿಲ್ಲ.

ಈ ಸಲ ಮೇಷ್ಟ್ರು ಹಳೆಯ ಪದಗಳಿಗೆಲ್ಲ ಹೊಸ ಮಟ್ಟು ಹಾಕಿ ಫೋನಿನಲ್ಲಿ ಹಾಡಿ ಕಳಿಸಿದರು. ಕಲಿಯಲಿ ಎಂದು ನೀನು ನನಗೆ ಇಯರ್‌ಬಡ್ಸ್ ತಂದುಕೊಟ್ಟೆ. ಎಷ್ಟು ಸಂತೋಷಪಟ್ಟೆ ಗೊತ್ತಾ? ಬೆಳಿಗ್ಗೆ ಗಿರಣಿ ಬಾಗಿಲು ತೆಗೆದಾಗ ಕಿವಿಗೆ ಸಿಕ್ಕಿಸಿದರೆ ಸಂಜೆ ಮುಚ್ಚುವಾಗ ಕಳಚುತ್ತಿದ್ದೆ. ಬೀಸುವ ಸದ್ದನ್ನು ಮೀರಬೇಕೆಂದು ಜೋರು ಮಾಡುತ್ತಿದ್ದೆ, ಬೆವರು ಹಿಟ್ಟು ಎಲ್ಲ ಮೆತ್ತಿದ ಅದನ್ನು ಒಂದು ದಿನವೂ ಒರೆಸಲಿಲ್ಲ. ಜಾರಿದಾಗೆಲ್ಲ ಹೆಬ್ಬೆರಳಿನಿಂದ ಒಳಕ್ಕೆ ನೂಕಿದೆ. ಸಂಕ್ರಾಂತಿ ಹೊತ್ತಿಗೆ ಎಡಗಿವಿ ಪೂರ್ತಿ ಮುಚ್ಚಿತು. ಬಲಗಿವಿಯಲ್ಲಿ ಜನ ಬಾವಿಯೊಳಗಿನಿಂದ ಮಾತಾಡಿದಂತೆ ಕೇಳುತ್ತಿತ್ತು.

ಆಗ ಶುರುವಾಯಿತು ನನ್ನ ಯುದ್ಧ. ಮೊದಲು ಬೆಂಕಿಕಡ್ಡಿ. ಆಮೇಲೆ ನಿಮ್ಮತ್ತಿಗೆ ಲಕ್ಷ್ಮಿದೇವಮ್ಮನ ಹೇರ್‌ಪಿನ್. ಕನ್ನಡಿ ಮುಂದೆ ನಿಂತು ಪಿನ್ನನ್ನು ನೆಟ್ಟಗೆ ಮಾಡಿ, ಬಿಲದೊಳಗಿನ ಹಾವನ್ನು ಕುಕ್ಕಿದಂತೆ ಕುಕ್ಕಿದೆ. ಒಳಗೇನೋ ಚರ್ರನೆ ಸೀಳಿತು. ಕಣ್ಣು ಕತ್ತಲೆ ಬಂದು ಸಿಂಕಿನ ಅಂಚಿಗೆ ಹಣೆ ಬಡಿಯಿತು. ಪಿನ್ನಿನ ತುದಿಯಲ್ಲಿ ರಕ್ತ, ಗುಗ್ಗೆ ಮಾತ್ರ ಸಾಸಿವೆಯಷ್ಟು. ಸೋಲೊಪ್ಪಲಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಆರುವ ಮೊದಲೇ ಸುರಿದುಕೊಂಡೆ. ಆ ಉರಿಗೆ ಗೋಡೆಗೆ ಗುದ್ದಿದ ಗುರುತು ಕ್ಯಾಲೆಂಡರಿನ ಪಕ್ಕ ಇನ್ನೂ ಇದೆ. ನೀನು ಗಿರಣಿಯಲ್ಲಿ ನನ್ನ ಮುಂದೆ ನಿಂತು, ತುಟಿ ಕಾಣಲೆಂದು ನಿಧಾನವಾಗಿ ಹೇಳಿದೆ: 'ಅಣ್ಣ, ಕಿವಿಗೇನೂ ಹಾಕ್ಬೇಡ, ಡಾಕ್ಟ್ರಿಗೆ ತೋರ್ಸು. ಇಲ್ದಿದ್ರೆ ಈ ಸಲ ನಾಟ್ಕ ಬೇಡ.' ನಾಟಕ ಬೇಡ ಎಂದದ್ದಕ್ಕೆ ನಿನ್ನ ಕೆನ್ನೆಗೆ ಬಾರಿಸಿದೆ. ಐವತ್ತು ದಾಟಿದ ತಮ್ಮನಿಗೆ, ರಾಗಿ ಚೀಲ ಹಿಡಿದ ಹೆಂಗಸರ ಮುಂದೆ. ನೀನು ಕೆನ್ನೆ ಒರೆಸಿಕೊಂಡು ಹೋದೆ. ಮರುದಿನ ಟೀ ಅಂಗಡಿಯಲ್ಲಿ ತಂಡದವರ ಮುಂದೆ, ಕಿವಿಗೆ ಕೈ ಅಡ್ಡ ಹಿಡಿದು, ಕತ್ತು ಚಾಚಿ, ನನ್ನಂತೆ ಮಾಡಿ ತೋರಿಸಿದೆ. ನಾನು ರಸ್ತೆಯ ಆಚೆ ನಿಂತಿದ್ದೆ. ನಗು ಕೇಳಿಸಲಿಲ್ಲ, ಬಾಯಿಗಳು ಒಟ್ಟಿಗೆ ತೆರೆದದ್ದು ಕಂಡಿತು.

ಎರಡನೇ ತಾರೀಕು ಭಾನುವಾರ, ಸಮುದಾಯ ಭವನ, ಮಧ್ಯಾಹ್ನದ ಪ್ರದರ್ಶನ. ಕುರ್ಚಿ ಸಾಲದೆ ಜನ ಕಿಟಕಿ ಹತ್ತಿದ್ದರು. ನಗಾರಿಯವನ ಕೈ ನೋಡಿಕೊಂಡು ಹೇಗೋ ಹಾಡು ದಾಟಿಸಿದೆ. ಗದಾಯುದ್ಧ ಬಂತು. ಗುರಾಣಿಯ ಮೇಲೆ ಏಟು ಬೀಳುವುದು ಭುಜಕ್ಕೆ ಗೊತ್ತಾಗುತ್ತಿತ್ತೇ ಹೊರತು ಕಿವಿಗಲ್ಲ. ನೀನು ಮಂಡಿಯೂರಿದೆ, ತಲೆ ಬಗ್ಗಿಸಿದೆ, ನನ್ನ ಎಡಕ್ಕೆ. ನಾನು ಮಾತಿಗೆ ಕಾದೆ. ಮಾತು ಬರಲಿಲ್ಲ. ಇನ್ನೊಂದು ಏಟು ಬಾಕಿ ಇರಬೇಕೆಂದು ಬೀಸಿದೆ. ಗುರಾಣಿ ಇರಲಿಲ್ಲ. ಹಲಸಿನ ಗದೆ ನಿನ್ನ ಹೆಗಲಿಗೆ ಬಿತ್ತು, ಮೂಳೆ ಮುರಿದದ್ದು ನನ್ನ ಅಂಗೈಯವರೆಗೆ ಬಂತು. ನೀನು ಅಂಗಾತ ಬಿದ್ದೆ. ಎರಡನೇ ಏಟು ನೀನು ಅಡ್ಡ ತಂದ ಕೈಯ ಮಣಿಕಟ್ಟನ್ನು ಹಲಗೆಗೆ ಸೇರಿಸಿ ಜಜ್ಜಿತು.

ಮುಂದಿನದನ್ನು ಬಾಮೈದರೇ ಚೆನ್ನಾಗಿ ಬಲ್ಲರು. ಮೂವರೂ ರಂಗಕ್ಕೆ ನೆಗೆದು ನನ್ನ ಕಿರೀಟವನ್ನು ತಲೆಯ ಮೇಲೇ ಚಪ್ಪಟೆ ಮಾಡಿದರು. ಭುಜಕೀರ್ತಿ ಕಿತ್ತು ಅದರಲ್ಲೇ ಬಾರಿಸಿದರು. ಎರಡು ಹಲ್ಲು ಹೋದವು, ಪಕ್ಕೆಲುಬಿಗೆ ಒದ್ದ ಜಾಗ ಸೀನಿದರೆ ಈಗಲೂ ಹಿಡಿದುಕೊಳ್ಳುತ್ತದೆ. ಮುಂದಿನ ಸಾಲಿನವರೆಲ್ಲ 'ಅಣ್ಣಾ, ಸಾಕು' ಎಂಬುದನ್ನು ಸ್ಪಷ್ಟವಾಗಿ ಕೇಳಿದ್ದರಂತೆ. ಕಿವುಡ ಎಂದರೆ ಯಾರು ನಂಬುತ್ತಾರೆ? ಅಮೀನಪ್ಪ ಮೇಷ್ಟ್ರು ನನ್ನ ಮೇಲೆ ಅಡ್ಡ ಬಿದ್ದು, 'ಬಿಡ್ರಪಾ, ಸತ್ತಗಿತ್ತಾನು' ಎಂದು ಕೂಗದಿದ್ದರೆ ಈ ಕಾಗದ ಬರೆಯಲು ಕೈ ಇರುತ್ತಿರಲಿಲ್ಲ. ಪೊಲೀಸರು ಆಸ್ಪತ್ರೆಗೆ ಬಂದಾಗ ನೀನು 'ನಾಟ್ಕದಲ್ಲಿ ಕೈತಪ್ಪಿ ಆಯ್ತು ಸಾರ್' ಎಂದು ಬರೆಸಿದೆಯಂತೆ. ಅಷ್ಟು ಬರೆಸಿದವನು ನನ್ನೊಡನೆ ಒಂದು ಮಾತೂ ಆಡದೆ ಕೆಂಗೇರಿಗೆ ಹೊರಟುಹೋದೆ.

ಹೋದ ವಾರ ಲಕ್ಷ್ಮಿದೇವಮ್ಮ ನನ್ನನ್ನು ಚಂದ್ರಾ ಲೇಔಟಿನ ಕಿವಿ ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದಳು. ಆಕೆ ದೀಪ ಹಾಕಿ ನೋಡಿ ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ತೋರಿಸಿದರು: ಗುಗ್ಗೆ ಕೊಳೆಯಲ್ಲ, ಕಿವಿಯ ಕಾವಲು, ತಾನಾಗಿ ಹೊರಗೆ ಬರುತ್ತದೆ, ನೀವು ಒಳಕ್ಕೆ ಜಡಿದಿದ್ದೀರಿ. ಪಿನ್ನು ಚರ್ಮ ಸೀಳಿತ್ತು, ಕೂದಲೆಳೆಯಲ್ಲಿ ಕಿವಿಯ ತಮಟೆ ಉಳಿದಿತ್ತು. ಹರಿದಿದ್ದರೆ ಒಂದು ಹನಿ ಎಣ್ಣೆಯೂ ವಿಷವಂತೆ. ಗಾಯಕ್ಕೆ ಔಷಧಿ ಕೊಟ್ಟು, ಗುಗ್ಗೆ ಮೆತ್ತಗಾಗಲು ಐದು ದಿನ ಡ್ರಾಪ್ಸ್ ಹಾಕಿಸಿ, ನಿನ್ನೆ ಸಣ್ಣ ಕೊಳವೆ ಇಟ್ಟು ಹೀರಿ ತೆಗೆದರು. ಹುಣಸೆಬೀಜದಷ್ಟು ಕಪ್ಪಗಿನ ಎರಡು ತುಂಡು ತಟ್ಟೆಗೆ ಬಿದ್ದವು. ಇಷ್ಟಕ್ಕೆ ತಮ್ಮನ ಮೂಳೆ ಮುರಿಯಿತೇ ಎಂದು ನೋಡುತ್ತಲೇ ಕುಳಿತೆ. ಇನ್ನು ಕಡ್ಡಿ, ಪಿನ್ನು, ಹತ್ತಿಯ ಬಡ್ಡು ಏನೂ ಕೂಡದು, ಸ್ನಾನವಾದ ಮೇಲೆ ಹೊರಗಿವಿಯನ್ನು ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಾಡು ಕೇಳಬೇಕಾದರೆ ಕಿವಿಯ ಮೇಲೆ ಕೂರುವ ಹೆಡ್‌ಫೋನ್, ಅರ್ಧ ಸದ್ದು, ನಡುನಡುವೆ ಬಿಡುವು, ವಾರಕ್ಕೊಮ್ಮೆ ಒರೆಸುವುದು. ನಿನ್ನ ಇಯರ್‌ಬಡ್ಸನ್ನು ಶುದ್ಧ ಮಾಡಿ ಡಬ್ಬಿಯಲ್ಲಿಟ್ಟಿದ್ದೇನೆ, ಕೋಪ ಮಾಡಿಕೊಳ್ಳಬೇಡ.

ಕ್ಲಿನಿಕ್ಕಿನಿಂದ ಹೊರಗೆ ಬಂದರೆ ಆಟೋ ಹಾರನ್ನು ಕೆನ್ನೆಗೆ ಹೊಡೆದಂತಾಯಿತು. ದರ್ಶಿನಿಯಲ್ಲಿ ಲೋಟ ತೊಳೆಯುವ ಸದ್ದಿಗೂ ಕಣ್ಣು ಮುಚ್ಚಿದೆ. ಮನೆಗೆ ಬಂದು ಮೇಷ್ಟ್ರ ದೊಡ್ಡ ಹೆಡ್‌ಫೋನ್ ಇಸಿದುಕೊಂಡು, ಜನ ಫೋನಿನಲ್ಲಿ ಹಿಡಿದಿದ್ದ ಆ ದಿನದ ವಿಡಿಯೋ ಹಾಕಿದೆ. ಅರ್ಧ ಸದ್ದಿಗೇ ಎಲ್ಲವೂ ಕೇಳಿತು ಸೀನ. 'ಅಣ್ಣಾ, ಸಾಕು' ಎಂದು ನೀನು ಎರಡು ಸಲ ಹೇಳಿದ್ದೆ. ಆಮೇಲೆ ಗದೆಯ ಸದ್ದು, ಒದ್ದೆ ಸೌದೆ ಒಡೆದಂತೆ. ಅಂಗಾತ ಬಿದ್ದ ಮೇಲೆ, ನಾಟಕದಲ್ಲಿಲ್ಲದ ಮಾತು, ಮೆತ್ತಗೆ: 'ನಾನ್ ಕಣಣ್ಣ, ಸೀನ.' ಅದರ ಮೇಲೆ ಎರಡನೇ ಏಟು. ನಾನು ಹೆಡ್‌ಫೋನ್ ಕಿತ್ತು ನೆಲಕ್ಕೆ ಬಡಿದೆ, ಮೇಷ್ಟ್ರಿಗೆ ಹೊಸದು ಕೊಡಿಸಬೇಕು. ಆ ಮಾತು ಅಂದು ನನಗೆ ಕೇಳಿಸಲಿಲ್ಲ, ತಾತನ ಆಣೆ.

ಔಷಧಿ ಹೊತ್ತಿಗೆ ಸರಿಯಾಗಿ ತಗೋ. ನಿನ್ನ ಅತ್ತೆ ಮಾವನಿಗೆ ನಮಸ್ಕಾರ, ಬಿಂದುಶ್ರೀಗೆ ಆಶೀರ್ವಾದ, ಬಾಮೈದರಿಗೂ ನನ್ನ ಹಾರೈಕೆಗಳು. ಹೊಡೆದದ್ದರಲ್ಲಿ ಅವರದು ತಪ್ಪಿಲ್ಲ.

ನಿನ್ನ ಅಣ್ಣ,
ಕಾಂತರಾಜು

ಮತ್ತೆ: ಕಾಗದ ಒಯ್ಯಲು ಮೇಷ್ಟ್ರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಕೆಂಗೇರಿ ಬಸ್ಸು ತಪ್ಪುತ್ತದಂತೆ. ಬೇಗ ಬರೆಯುತ್ತೇನೆ. ಬಿಂದುಶ್ರೀ, ಇದನ್ನೂ ಗಟ್ಟಿಯಾಗಿಯೇ ಓದು. ಮೊದಲ ಏಟು ಗುಗ್ಗೆಯದು. ಎರಡನೆಯದು ನನ್ನದು. ನೀನು ಬಿದ್ದಾಗ ಮಾತು ಕೇಳಿಸಲಿಲ್ಲ ಸೀನ, ಆದರೆ ಮುಖ ಕಂಡಿತು. ಇದು ನಾಟಕವಲ್ಲ ಎಂದು ಗೊತ್ತಾಯಿತು. ಗೊತ್ತಾದ ಮೇಲೂ, ಟೀ ಅಂಗಡಿಯ ಆ ಬಾಯಿಗಳು ಕಣ್ಣ ಮುಂದೆ ಬಂದು, ಗದೆ ಎತ್ತಿದೆ. ನಿನಗೆ ಇದು ಅವತ್ತೇ ತಿಳಿದಿತ್ತು, ಅದಕ್ಕೇ ನೀನು ಫೋನು ಎತ್ತುತ್ತಿಲ್ಲ. ಡಾಕ್ಟರಿಗೂ ಹೆಂಡತಿಗೂ ಕಿವಿಯ ಕಥೆ ಹೇಳಿ ತಪ್ಪಿಸಿಕೊಂಡೆ. ನಾಳೆ ಬೆಳಿಗ್ಗೆ ಏಳಕ್ಕೆ ನಿಮ್ಮ ಗೇಟಿನ ಹೊರಗೆ ನಿಂತು, ಬೀದಿಗೆಲ್ಲ ಕೇಳುವಂತೆ ಇದನ್ನೇ ಹೇಳುತ್ತೇನೆ. ಆಮೇಲೆ ಬಾಯಿ ಮುಚ್ಚಿ, ನೀನು ಹೇಳುವುದನ್ನು ಕಡೆಯ ಮಾತಿನವರೆಗೆ ನಿಂತು ಕೇಳಿಸಿಕೊಳ್ಳುತ್ತೇನೆ.